ಹೀಥ್ರೂ ವಿಮಾನ ನಿಲ್ದಾಣ: ಜನರನ್ನು ಯಾವಾಗ ಕೇಳಬೇಕು?



ಲಂಡನ್ ನಗರದ ಪಶ್ಚಿಮ ಭಾಗದಲ್ಲಿ ಹೌನ್ಸ್‌ಲೋ ಎಂಬ ಪ್ರದೇಶವಿದೆ. ಅಲ್ಲಿನ ಒಂದು ಶಿಶುಶಾಲೆಯ ಆಟದ ಮೈದಾನದಲ್ಲಿ ಮಣ್ಣಿನ ಗುಮ್ಮಟಗಳನ್ನು ಕಟ್ಟಲಾಗಿದೆ. ತಲೆಯ ಮೇಲೆ ವಿಮಾನ ಹಾದುಹೋಗುವಾಗ ಮಕ್ಕಳು ಅವುಗಳ ಒಳಗೆ ಕುಳಿತರೆ ಸದ್ದು ಕಡಿಮೆಯಾಗಿ ಟೀಚರ್ ಹೇಳುವ ಮಾತು ಕೇಳಿಸುತ್ತದೆ. ಆ ಶಾಲೆ ಇರುವುದು ಹೀಥ್ರೂ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ದಾರಿಯ ಕೆಳಗೆ.

ಈ ನಿಲ್ದಾಣಕ್ಕೆ ಮೂರನೆಯ ರನ್‌ವೇ ಬೇಕೇ ಬೇಡವೇ ಎಂಬ ಪ್ರಶ್ನೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬ್ರಿಟನ್ನಿನ ಸರ್ಕಾರಗಳನ್ನು ಕಾಡಿದೆ. ದೂರದ ದೇಶದ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ಹೆದ್ದಾರಿಯಿರಲಿ, ಅಣೆಕಟ್ಟಿರಲಿ, ವಿಮಾನ ನಿಲ್ದಾಣವಿರಲಿ, ದೊಡ್ಡ ಯೋಜನೆ ಬಂದಾಗಲೆಲ್ಲ ‘ಸಾರ್ವಜನಿಕರ ಅಭಿಪ್ರಾಯ ಪಡೆಯಲಾಗಿದೆ’ ಎಂಬ ಮಾತನ್ನು ನೀವು ಪತ್ರಿಕೆಗಳಲ್ಲಿ ಓದುತ್ತೀರಿ. ಅಭಿಪ್ರಾಯ ಪಡೆಯುವುದು ಎಂದರೇನು? ಅದನ್ನು ಯಾವ ಹಂತದಲ್ಲಿ ಪಡೆಯಬೇಕು? ಹೀಥ್ರೂ ಕಥೆ ಇದಕ್ಕೆ ಒಳ್ಳೆಯ ಪಾಠ.

ಗಾಳಿಯ ದಿಕ್ಕು, ಊರಿನ ಪಾಡು

1946ರಲ್ಲಿ ನಾಗರಿಕ ವಿಮಾನಗಳಿಗೆ ತೆರೆದುಕೊಂಡ ಹೀಥ್ರೂವಿನಲ್ಲಿ ಇಂದು ಬಳಕೆಯಲ್ಲಿರುವುದು ಪೂರ್ವ-ಪಶ್ಚಿಮವಾಗಿ ಸಮಾನಾಂತರದಲ್ಲಿರುವ ಎರಡು ರನ್‌ವೇಗಳು. ವಿಮಾನಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಇಳಿಯುತ್ತವೆ. ಹಾಗೆ ಇಳಿದರೆ ನೆಲಕ್ಕೆ ಹೋಲಿಸಿದಾಗ ವಿಮಾನದ ವೇಗ ಕಡಿಮೆಯಾಗುತ್ತದೆ, ನಿಲ್ಲಲು ಬೇಕಾದ ದೂರವೂ ಕಡಿಮೆಯಾಗುತ್ತದೆ. ಲಂಡನ್ನಿನಲ್ಲಿ ವರ್ಷದ ಹೆಚ್ಚು ಕಾಲ ಬೀಸುವುದು ಪಶ್ಚಿಮದ ಗಾಳಿ. ಆದ್ದರಿಂದ ವಿಮಾನಗಳು ಪೂರ್ವದಿಂದ, ಅಂದರೆ ಜನನಿಬಿಡ ನಗರದ ಮೇಲಿನಿಂದಲೇ, ಇಳಿದು ಬರಬೇಕು.

ಕೆಳಗಿನ ಜನರಿಗೆ ಸ್ವಲ್ಪ ಬಿಡುವು ಸಿಗಲೆಂದು ಅಲ್ಲಿ ಒಂದು ಪದ್ಧತಿ ಇದೆ. ಪಶ್ಚಿಮದ ಗಾಳಿಯ ದಿನಗಳಲ್ಲಿ ಒಂದು ರನ್‌ವೇ ಇಳಿಯಲು, ಇನ್ನೊಂದು ಏರಲು. ಮಧ್ಯಾಹ್ನ 3 ಗಂಟೆಗೆ ಇವು ಅದಲುಬದಲಾಗುತ್ತವೆ. ಹೀಗಾಗಿ ಒಂದು ಬೀದಿಗೆ ಬೆಳಗ್ಗೆ ಸದ್ದಾದರೆ ಮತ್ತೊಂದಕ್ಕೆ ಮಧ್ಯಾಹ್ನದ ಮೇಲೆ. ಮೂರನೆಯ ರನ್‌ವೇ ಬಂದರೆ ಈ ಅರ್ಧ ದಿನದ ಬಿಡುವು ಎಷ್ಟು ಉಳಿಯುತ್ತದೆ ಎಂಬುದು ಅಲ್ಲಿನವರ ಮೊದಲ ಪ್ರಶ್ನೆ.

ಇನ್ನೊಂದು ಪಕ್ಷದ ವಾದವೂ ಹಗುರವಾದದ್ದಲ್ಲ. ಹೀಥ್ರೂವಿನಲ್ಲಿ ವರ್ಷಕ್ಕೆ 4,80,000 ವಿಮಾನ ಸಂಚಾರದ ಮಿತಿಯಿದೆ, ಅಂದರೆ ದಿನಕ್ಕೆ ಸುಮಾರು 1,300. ನಿಲ್ದಾಣ ಈ ಮಿತಿಯ ಹತ್ತಿರದಲ್ಲೇ ಕೆಲಸ ಮಾಡುತ್ತದೆ. ಮಂಜು ಕವಿದು ಸ್ವಲ್ಪ ತಡವಾದರೂ ಅದು ದಿನವಿಡೀ ಬೆಳೆಯುತ್ತಾ ಹೋಗುತ್ತದೆ. ಸುತ್ತಲಿನ ಸಾವಿರಾರು ಕುಟುಂಬಗಳ ಅನ್ನ ಈ ನಿಲ್ದಾಣದಿಂದ ಬರುತ್ತದೆ. ಹೌನ್ಸ್‌ಲೋ, ಸೌತಾಲ್‌ಗಳಲ್ಲಿ ನೆಲೆಸಿರುವ ಭಾರತೀಯ ಮೂಲದ ಅನೇಕರೂ ಅವರಲ್ಲಿ ಸೇರಿದ್ದಾರೆ. ಒಂದೇ ಮನೆಯಲ್ಲಿ ತಂದೆಗೆ ನಿಲ್ದಾಣದ ಕೆಲಸ ಬೇಕು, ಮಗಳಿಗೆ ಓದಲು ನಿಶ್ಶಬ್ದ ಬೇಕು. ‘ಜನ ಏನು ಹೇಳುತ್ತಾರೆ’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಿ.

ಸದ್ದಿನ ಲೆಕ್ಕಾಚಾರ

ಯೋಜನೆಯ ವರದಿಗಳಲ್ಲಿ ಸದ್ದನ್ನು ಡೆಸಿಬಲ್‌ಗಳಲ್ಲಿ ಕೊಡುತ್ತಾರೆ. ಇದು ಲಾಗರಿದಮ್ ಅಳತೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿರುತ್ತೀರಿ. 10 ಡೆಸಿಬಲ್ ಹೆಚ್ಚಾದರೆ ಧ್ವನಿಯ ಶಕ್ತಿ ಹತ್ತು ಪಟ್ಟು, 3 ಡೆಸಿಬಲ್ ಹೆಚ್ಚಾದರೆ ಸುಮಾರು ಎರಡು ಪಟ್ಟು. ಬ್ರಿಟನ್ನಿನಲ್ಲಿ ಹಗಲಿನ ಸದ್ದನ್ನು ಬೆಳಗ್ಗೆ 7ರಿಂದ ರಾತ್ರಿ 11ರವರೆಗಿನ 16 ಗಂಟೆಗಳ ಸರಾಸರಿಯಾಗಿ ಲೆಕ್ಕ ಹಾಕುತ್ತಾರೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ಮೊದಲು 3 ನಿಮಿಷಕ್ಕೊಂದು ವಿಮಾನ ಬರುತ್ತಿತ್ತು. ಈಗ ಒಂದೂವರೆ ನಿಮಿಷಕ್ಕೊಂದು ಬರುತ್ತದೆ. ಆದರೆ ಹೊಸ ವಿಮಾನದ ಧ್ವನಿಶಕ್ತಿ ಹಳೆಯದರ ಅರ್ಧದಷ್ಟು. ಆಗ ಸರಾಸರಿ ಬದಲಾಗುವುದೇ ಇಲ್ಲ! ನಕ್ಷೆಯಲ್ಲಿ ‘ವ್ಯತ್ಯಾಸವಿಲ್ಲ’ ಎಂದೇ ಬರುತ್ತದೆ. ತರಗತಿಯಲ್ಲಿ ಮಾತ್ರ ಪಾಠ ಎರಡರಷ್ಟು ಸಲ ನಿಲ್ಲುತ್ತದೆ. ಸಂಖ್ಯೆ ಸುಳ್ಳಲ್ಲ, ಆದರೆ ಅದು ಉತ್ತರಿಸುತ್ತಿರುವುದು ನಿಮ್ಮ ಪ್ರಶ್ನೆಗಲ್ಲ.

ಜನರನ್ನು ಕೇಳುವುದು ಕೇವಲ ಮರ್ಯಾದೆಯ ವಿಷಯವಲ್ಲ, ವಿಜ್ಞಾನದ ವಿಷಯವೂ ಹೌದು ಎಂಬುದಕ್ಕೆ ಎರಡು ನಿದರ್ಶನ ಕೊಡುತ್ತೇನೆ. ಸದ್ದಿನಿಂದ ಜನರಿಗೆ ಗಣನೀಯ ಕಿರಿಕಿರಿ ಶುರುವಾಗುವ ಗೆರೆ 57 ಡೆಸಿಬಲ್ ಎಂದು ಬ್ರಿಟನ್ನಿನಲ್ಲಿ ಬಹುಕಾಲ ಇಟ್ಟುಕೊಂಡಿದ್ದರು. 2014ರಲ್ಲಿ ನಿವಾಸಿಗಳನ್ನೇ ಕೇಳಿ ಸಮೀಕ್ಷೆ ನಡೆಸಿದಾಗ, ಹಿಂದೆ 57ರಲ್ಲಿ ಎಷ್ಟು ಪ್ರಮಾಣದ ಜನ ತೀವ್ರ ಕಿರಿಕಿರಿ ಅನುಭವಿಸುತ್ತಿದ್ದರೋ ಅಷ್ಟೇ ಪ್ರಮಾಣದ ಜನ ಈಗ 54ರಲ್ಲೇ ಅನುಭವಿಸುತ್ತಿದ್ದಾರೆ ಎಂದು ತಿಳಿಯಿತು. ಯಂತ್ರವೊಂದೇ ಇದನ್ನು ಹೇಳಲಾರದು. ಎರಡನೆಯದು 2005ರಲ್ಲಿ ಪ್ರಕಟವಾದ ಅಧ್ಯಯನ. ಬ್ರಿಟನ್, ನೆದರ್ಲೆಂಡ್ಸ್, ಸ್ಪೇನ್‌ಗಳಲ್ಲಿ ದೊಡ್ಡ ವಿಮಾನ ನಿಲ್ದಾಣಗಳ ಹತ್ತಿರದ ಶಾಲೆಗಳ 2,800ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ್ದರು. ಅವರೆಲ್ಲ 9-10 ವಯಸ್ಸಿನವರು. ವಿಮಾನದ ಸದ್ದು 5 ಡೆಸಿಬಲ್ ಹೆಚ್ಚಿದ್ದಲ್ಲಿ ಬ್ರಿಟನ್ನಿನ ಮಕ್ಕಳು ಓದುವ ಸಾಮರ್ಥ್ಯದಲ್ಲಿ ಸುಮಾರು 2 ತಿಂಗಳು ಹಿಂದುಳಿದಿದ್ದರು.

ಕೇಳಿದ್ದೆಷ್ಟು, ಕೇಳಿಸಿಕೊಂಡದ್ದೆಷ್ಟು?

ಹೀಥ್ರೂವಿನ ಐದನೆಯ ಟರ್ಮಿನಲ್ ಕಟ್ಟುವ ಮೊದಲು ಬ್ರಿಟನ್ ಒಂದು ದೀರ್ಘ ಸಾರ್ವಜನಿಕ ವಿಚಾರಣೆ ನಡೆಸಿತು. 1995ರ ಮೇ ತಿಂಗಳಲ್ಲಿ ಶುರುವಾದ ಅದು 1999ರ ಮಾರ್ಚ್‌ನಲ್ಲಿ ಮುಗಿಯಿತು. ಕಲಾಪ ನಡೆದದ್ದು 525 ದಿನ, ಸಾಕ್ಷಿ ಹೇಳಿದವರು 700ಕ್ಕೂ ಹೆಚ್ಚು ಮಂದಿ. 2001ರಲ್ಲಿ ಒಪ್ಪಿಗೆ ಸಿಕ್ಕಿತು, 2008ರಲ್ಲಿ ಟರ್ಮಿನಲ್ ತೆರೆಯಿತು. ಮೇಲೆ ಹೇಳಿದ 4,80,000ದ ಮಿತಿ ಈ ಒಪ್ಪಿಗೆಯ ಒಂದು ಷರತ್ತು. ಟರ್ಮಿನಲ್ ಬಂದರೆ ಮೂರನೆಯ ರನ್‌ವೇ ಬೇಕಾಗುವುದಿಲ್ಲ ಎಂದು ನಿಲ್ದಾಣದ ಸಂಸ್ಥೆ ಆಗ ನಿವಾಸಿಗಳಿಗೆ ಭರವಸೆ ಕೊಟ್ಟಿತ್ತು.

ಆದರೆ 2003ರ ಡಿಸೆಂಬರಿನಲ್ಲೇ ಸರ್ಕಾರದ ನೀತಿಪತ್ರ ಮೂರನೆಯ ರನ್‌ವೇಗೆ ಷರತ್ತಿನ ಬೆಂಬಲ ನೀಡಿತು. 2007ರ ಕೊನೆಯಲ್ಲಿ ಜನಾಭಿಪ್ರಾಯ ಕೇಳಿದಾಗ ಸುಮಾರು 70,000 ಉತ್ತರಗಳು ಬಂದವು. 2009ರ ಜನವರಿಯಲ್ಲಿ ಸರ್ಕಾರ ಒಪ್ಪಿಗೆ ಸೂಚಿಸಿತು. 2010ರ ಮಾರ್ಚ್‌ನಲ್ಲಿ ನ್ಯಾಯಾಲಯ, 2008ರ ಹವಾಮಾನ ಬದಲಾವಣೆ ಕಾಯ್ದೆಯ ಬೆಳಕಿನಲ್ಲಿ ಇದನ್ನು ಮರುಪರಿಶೀಲಿಸಬೇಕು ಎಂದಿತು. ಅದೇ ಮೇ ತಿಂಗಳಲ್ಲಿ ಬಂದ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

2012ರಲ್ಲಿ ಮತ್ತೆ ಆಯೋಗ. ಸರ್ ಹವರ್ಡ್ ಡೇವೀಸ್ ನೇತೃತ್ವದ ಈ ಆಯೋಗ ಗ್ಯಾಟ್ವಿಕ್ ನಿಲ್ದಾಣವನ್ನೂ ಪರಿಶೀಲಿಸಿ, 2015ರಲ್ಲಿ ಹೀಥ್ರೂವಿನ ವಾಯವ್ಯಕ್ಕೆ ಹೊಸ ರನ್‌ವೇ ಆಗಲಿ ಎಂದಿತು. ಅದರ ಅಂದಾಜಿನಂತೆ 783 ಮನೆಗಳು ಹೋಗುತ್ತವೆ. 2018ರ ಜೂನ್‌ನಲ್ಲಿ ಸಂಸತ್ತಿನ ಕೆಳಮನೆ 415-119 ಮತಗಳಿಂದ ನೀತಿಗೆ ಒಪ್ಪಿಗೆ ಕೊಟ್ಟಿತು. 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ಪ್ಯಾರಿಸ್ ಹವಾಮಾನ ಒಪ್ಪಂದವನ್ನು ಗಣನೆಗೆ ತಂದಿಲ್ಲವೆಂದು ಅದನ್ನು ತಡೆಯಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತಡೆ ತೆಗೆಯಿತು. 2025ರ ಜನವರಿಯಲ್ಲಿ ಸರ್ಕಾರ ಮತ್ತೊಮ್ಮೆ ಬೆಂಬಲ ಘೋಷಿಸಿತು.

ಈ ಎಲ್ಲ ವರ್ಷಗಳನ್ನು ಸಿಪ್ಸನ್ ಎಂಬ ಹಳ್ಳಿಯಲ್ಲಿ ನಿಂತು ನೋಡಿ. ಒಮ್ಮೆ ಊರು ಹೋಗುತ್ತದೆ, ಒಮ್ಮೆ ಉಳಿಯುತ್ತದೆ, ಮತ್ತೆ ಹೋಗುತ್ತದೆ. ಹಲವರು ನಿಲ್ದಾಣದ ಸಂಸ್ಥೆಗೇ ಮನೆ ಮಾರಿ ಹೊರಟರು; ಆ ಮನೆಗಳಿಗೆ ಬಾಡಿಗೆದಾರರು ಬಂದರು. ಒಂದು ಕಲ್ಲನ್ನೂ ಕೀಳದೆ ಊರು ಸಡಿಲವಾಯಿತು. ಬೇಗ ತೀರ್ಮಾನಿಸದಿರುವುದೂ ಒಂದು ಬಗೆಯ ಅನ್ಯಾಯವೇ.

ಶಾಲೆಯ ಜಗಳದಿಂದ ಬಂದ ಸೂತ್ರ

ಹಾಗಾದರೆ ಸರಿಯಾಗಿ ಕೇಳುವುದು ಹೇಗೆ? ಉತ್ತರ ಬಂದದ್ದು ಒಂದು ಶಾಲೆಯ ವಿಷಯದಿಂದ. ಲಂಡನ್ನಿನ ಬ್ರೆಂಟ್ ಎಂಬಲ್ಲಿ ಶಾಲೆಗಳನ್ನು ಮುಚ್ಚಿ ಸೇರಿಸುವ ಪ್ರಸ್ತಾಪದ ವಿರುದ್ಧ ಪೋಷಕರು ನ್ಯಾಯಾಲಯಕ್ಕೆ ಹೋದರು. 1985ರ ಆ ತೀರ್ಪಿನಲ್ಲಿ ನಾಲ್ಕು ಸೂತ್ರಗಳಿವೆ. ಒಂದು, ಪ್ರಸ್ತಾಪ ಇನ್ನೂ ರೂಪುಗೊಳ್ಳುವ ಹಂತದಲ್ಲಿರುವಾಗಲೇ ಕೇಳಬೇಕು. ಎರಡು, ಜನ ಯೋಚಿಸಿ ಉತ್ತರಿಸಲು ಸಾಕಾಗುವಷ್ಟು ಕಾರಣ, ಮಾಹಿತಿ ಕೊಡಬೇಕು. ಮೂರು, ಸಾಕಷ್ಟು ಸಮಯ ಕೊಡಬೇಕು. ನಾಲ್ಕು, ಬಂದ ಉತ್ತರಗಳನ್ನು ಮನಸ್ಸಿಟ್ಟು ಪರಿಗಣಿಸಿ ಆಮೇಲೆ ತೀರ್ಮಾನಿಸಬೇಕು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇವನ್ನು ಎತ್ತಿಹಿಡಿಯಿತು.

ಇವುಗಳಲ್ಲಿ ಮೊದಲನೆಯದೇ ಮೂಲ. ಚರ್ಚಾ ಕಾರ್ಯಕ್ರಮ ತಯಾರಿಸುವ ನಮಗೆ ಇದು ಚೆನ್ನಾಗಿ ಗೊತ್ತು. ಅತಿಥಿಗಳು ಸ್ಟುಡಿಯೋಗೆ ಬರುವ ಮೊದಲೇ ಕೊನೆಯ ಮಾತನ್ನು ಬರೆದಿಟ್ಟುಕೊಂಡರೆ, ಎಷ್ಟು ಮೈಕ್ ಇಟ್ಟರೂ ಅದು ಚರ್ಚೆಯಾಗುವುದಿಲ್ಲ. ನೋಡುವವರಿಗೂ ಅದು ತಿಳಿಯುತ್ತದೆ. 525 ದಿನ ಕೇಳಿದರೂ ‘ಬೇಕೇ?’ ಎಂಬುದು ಮೊದಲೇ ತೀರ್ಮಾನವಾಗಿದ್ದರೆ ಉಳಿಯುವುದು ‘ಹೇಗೆ?’ ಎಂಬುದು ಮಾತ್ರ. ಬ್ರಿಟನ್ನಿನ 2008ರ ಯೋಜನಾ ಕಾಯ್ದೆ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಮಾಡಿದೆ. ಅಗತ್ಯವನ್ನು ರಾಷ್ಟ್ರೀಯ ನೀತಿಯಲ್ಲೇ ನಿರ್ಧರಿಸಲಾಗುತ್ತದೆ. ನಂತರದ ಪರಿಶೀಲನೆ ಆರು ತಿಂಗಳೊಳಗೆ ಮುಗಿಯಬೇಕು. ಇದರಿಂದ ಸಮಯ ಉಳಿಯುತ್ತದೆ. ಆದರೆ ಮೊದಲ ಹಂತದಲ್ಲಿ ಮಾತಾಡದವನಿಗೆ ‘ಬೇಡ’ ಎನ್ನುವ ಅವಕಾಶ ಮತ್ತೆ ಸಿಗುವುದು ಕಷ್ಟ.

ನಮ್ಮಲ್ಲಿ

ನಮ್ಮ ದೇಶದಲ್ಲಿ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆ ಸಾರ್ವಜನಿಕ ಅಹವಾಲು ಸಭೆಯ ನಿಯಮಗಳನ್ನು ಹೇಳುತ್ತದೆ. ಅದರ ಪಟ್ಟಿಯಲ್ಲಿ ವಿಮಾನ ನಿಲ್ದಾಣಗಳೂ ಇವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸಭೆ ಏರ್ಪಡಿಸಬೇಕು; ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಇಡೀ ಕಲಾಪದ ವಿಡಿಯೋ ಚಿತ್ರಣವಾಗಬೇಕು. ಸಭೆಯಲ್ಲಿ ಮತದಾನವಿಲ್ಲ, ಪ್ರತಿಯೊಂದು ಆಕ್ಷೇಪವೂ, ಯೋಜನೆಯವರ ಉತ್ತರವೂ ದಾಖಲಾಗಬೇಕು. ಆದರೆ ಈ ಸಭೆ ನಡೆಯುವುದು ಕರಡು ವರದಿಯ ಮೇಲೆ, ಅಂದರೆ ಸಾಮಾನ್ಯವಾಗಿ ಜಾಗ ಗೊತ್ತಾದ ಮೇಲೆ. 2013ರ ಭೂಸ್ವಾಧೀನ ಕಾಯ್ದೆ ಬೇರೆ ಜಾಗವನ್ನು ಪರಿಶೀಲಿಸಲಾಗಿದೆಯೇ ಎಂದೂ ನೋಡಬೇಕು ಎನ್ನುತ್ತದೆ. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ತಿದ್ದುಪಡಿ ತಂದು ಕೆಲವು ಬಗೆಯ ಯೋಜನೆಗಳಿಗೆ ಈ ಅಧ್ಯಯನದಿಂದ ವಿನಾಯಿತಿ ಕೊಡಲು ಅವಕಾಶ ಮಾಡಿಕೊಂಡಿವೆ.

ನಿಮ್ಮ ಊರಿನಲ್ಲಿ ಇಂಥ ಸಭೆ ನಡೆದರೆ ಹೋಗಿ ಕುಳಿತುಕೊಳ್ಳಿ. ಸಾರಾಂಶವನ್ನು ಮೊದಲೇ ತರಿಸಿ ಓದಿ. ಅಕ್ಷರ ಬಾರದ ಹಿರಿಯರಿಗೆ ಓದಿ ಹೇಳಿ. ಸರಾಸರಿ ಕೊಟ್ಟಿದ್ದರೆ, ಯಾವುದರ ಸರಾಸರಿ, ಎಷ್ಟು ಗಂಟೆಯದು, ದಿನಕ್ಕೆ ಎಷ್ಟು ಸಲ ಎಂದು ಕೇಳಿ. ಎಲ್ಲಕ್ಕಿಂತ ಮೊದಲು ಎದ್ದು ನಿಂತು ಕೇಳಬೇಕಾದ ಪ್ರಶ್ನೆ ಒಂದಿದೆ: ‘ಸ್ವಾಮಿ, ನಾವು ಇಂದು ಹೇಳುವ ಮಾತಿನಿಂದ ಈ ಯೋಜನೆಯಲ್ಲಿ ಏನೇನು ಬದಲಾಗಲು ಇನ್ನೂ ಸಾಧ್ಯವಿದೆ?’ ಅದಕ್ಕೆ ಬರುವ ಉತ್ತರವನ್ನು ಬರೆದಿಟ್ಟುಕೊಳ್ಳಿ.