ಹಳೆಯ ರಿವಾಲ್ವರಿನ ಬಣ್ಣಭೇದ ಮತ್ತು ಮೌಲ್ಯನಿರ್ಣಯ

ಮೈಸೂರಿನ ನೆರೆಯ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಮನೆತನದ ಬಂದೂಕುಗಳಿಗೆ ಪೂಜೆ ಸಲ್ಲುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗಿನ ಪರವಾನಗಿ ವಿನಾಯಿತಿ ನೀಡಿದೆ. ಹಳೆಯ ರಿವಾಲ್ವರೊಂದು ಪರವಾನಗಿ ಪಡೆದ ವ್ಯಾಪಾರಿಯ ಕೈಸೇರಿದಾಗ ನಳಿಗೆ ಕಡುನೀಲಿಯಾಗಿಯೂ ಸಿಲಿಂಡರ್ ನೇರಳೆಯಾಗಿಯೂ ಕಂಡರೆ ಸಂಶಯ ಮೂಡುವುದು ಸಹಜ.

ಈ ನೀಲಿಯು ಬಳಿದ ಬಣ್ಣವಲ್ಲ. ಉಕ್ಕಿನ ಮೇಲ್ಮೈಯಲ್ಲಿ ಉಂಟುಮಾಡಿದ ಕಬ್ಬಿಣದ ಆಕ್ಸೈಡಿನ ತೆಳುಪದರ. ಯಂತ್ರಭಾಗಗಳಿಗೆ ಮಾಡುವ ಬ್ಲ್ಯಾಕೊಡೈಸಿಂಗ್ ಸಹ ಇದೇ ತತ್ತ್ವದ್ದು. ಉಕ್ಕಿನ ಮಿಶ್ರಣ, ಹದ, ಪಾಲಿಶ್ ಅಥವಾ ದ್ರಾವಣದ ಶಾಖ ಬದಲಾದರೆ ಛಾಯೆಯೂ ಬದಲಾಗುತ್ತದೆ. ಆದುದರಿಂದ ಬಣ್ಣಭೇದವೊಂದೇ ಬಿಡಿಭಾಗ ಬದಲಾಗಿರುವುದಕ್ಕೆ ಪುರಾವೆಯಲ್ಲ. ಭಾಗಗಳ ಮೇಲಿನ ಸಂಖ್ಯೆಗಳನ್ನು ಪರಸ್ಪರ ಹಾಗೂ ದಾಖಲೆಯೊಡನೆ ತಾಳೆ ನೋಡತಕ್ಕದ್ದು.

ಅಂದಕ್ಕಾಗಿ ಮರುಲೇಪ ಮಾಡಿಸುವುದು ನಷ್ಟದ ದಾರಿ. ಸಂಗ್ರಾಹಕರು ಮೂಲ ಲೇಪಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ. ಉಜ್ಜುವಾಗ ಗುರುತಿನ ಸಂಖ್ಯೆ ಅಳಿದರೆ 1959ರ ಶಸ್ತ್ರಾಸ್ತ್ರ ಅಧಿನಿಯಮದ 8ನೇ ಪ್ರಕರಣದ ತೊಡಕು ಎದುರಾಗುತ್ತದೆ. ದುರಸ್ತಿಗೂ 5ನೇ ಪ್ರಕರಣದನ್ವಯ ಪರವಾನಗಿ ಬೇಕು. ಲೇಪನ ಘಟಕಗಳು ಇದನ್ನು ಅರಿಯದೆ ಇಂತಹ ಕೆಲಸ ಒಪ್ಪಿಕೊಳ್ಳಬಾರದು.

ವರ್ಷಾಂತ್ಯದ ದಾಸ್ತಾನಿನಲ್ಲಿ ಇದನ್ನು ಲೆಕ್ಕಪತ್ರ ಮಾನದಂಡ 2ರಂತೆ ಕೊಂಡ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಮೆಯಾದುದಕ್ಕೆ ತೋರಿಸುವುದು ಕ್ರಮ. ಬಣ್ಣಭೇದವನ್ನು ಖರೀದಿಯ ದಿನವೇ ಬರೆದಿಟ್ಟರೆ ಮುಂದೆ ವಿವಾದಕ್ಕೆ ಎಡೆಯಿರದು.