‘ಹೆಂಡ್ತಿ ಹೊಡದ್ಲಾ?’ ಅಂತ ನಗುವ ಮುಂಚೆ: ಮನೆಯೊಳಗೆ ಪೆಟ್ಟು ತಿನ್ನುವ ಗಂಡಸಿಗೆ ಕಾನೂನಿನಲ್ಲಿ ಏನಿದೆ, ಏನಿಲ್ಲ?

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ನನ್ನ ಕಾಲೇಜು ಗೆಳೆಯನೊಬ್ಬ ಇದ್ದಾನೆ. ಸಂಜೆ ಮಿರ್ಚಿ-ಮಂಡಕ್ಕಿ ಅಂಗಡಿ ಹತ್ತಿರ ಸಿಗ್ತೀವಿ. ಕಳೆದ ವರ್ಷ ಏಪ್ರಿಲ್ ಬಿಸಿಲಲ್ಲಿ ಒಂದಿನ ತುಂಬುತೋಳಿನ ಅಂಗಿ ಹಾಕ್ಕೊಂಡು ಬಂದಿದ್ದ. ಯಾಕೋ ಅಂತ ಕೇಳಿದ್ದಕ್ಕೆ ತೋಳು ಮಡಚಿ ತೋರಿಸಿದ. ಮೊಣಕೈ ಕೆಳಗೆ ಉದ್ದಕ್ಕೆ ಬರೆ. ‘ಸೌಟು ಕಾಯಿಸಿ ಇಟ್ಟಳು’ ಅಂದ.

ನಾನು ನಕ್ಕುಬಿಟ್ಟೆ. ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. ಲಿಂಗ ಸಮಾನತೆ ಬಗ್ಗೆ ವೇದಿಕೆ ಮೇಲೆ ಮಾತಾಡಿ ಬಂದವನು ನಾನು, ಆದರೂ ನಕ್ಕೆ. ಅವನು ತೋಳು ಇಳಿಸಿಕೊಂಡು ಮಂಡಕ್ಕಿ ತಿಂದ. ಆಮೇಲೆ ಮೂರು ತಿಂಗಳು ಆ ವಿಷಯ ಎತ್ತಲಿಲ್ಲ.

ಮತ್ತೆ ಬಾಯಿ ಬಿಟ್ಟಾಗ ಗೊತ್ತಾಗಿದ್ದು ಇಷ್ಟು: ಆಸ್ಪತ್ರೆಯಲ್ಲಿ ಬೈಕಿನ ಸೈಲೆನ್ಸರ್ ತಾಗಿತು ಅಂತ ಬರೆಸಿದ್ದ. ಒಂದು ಠಾಣೆಗೂ ಹೋಗಿದ್ದ. ಅಲ್ಲಿದ್ದವರು, ‘ಏನ್ರೀ, ಹೆಂಡ್ತಿ ಹೊಡದ್ಲು ಅಂತ ಬಂದೀರಾ? ಮನೆಗೆ ಹೋಗ್ರಿ, ಸುಧಾರಿಸ್ಕೊಂಡು ಹೋಗ್ರಿ’ ಅಂದು ಕಳಿಸಿದ್ದರು. ಬಚ್ಚಲಲ್ಲಿ ಜಾರಿಬಿದ್ದೆ ಅನ್ನುವ ಹೆಂಗಸಿನ ಸುಳ್ಳು, ಸುಧಾರಿಸ್ಕೊಂಡು ಹೋಗು ಅನ್ನುವ ಹಿರಿಯರ ಮಾತು, ಎರಡನ್ನೂ ನಾವು ಎಷ್ಟು ಸಲ ಕೇಳಿಲ್ಲ?

ಕಾನೂನು ಏನು ಹೇಳುತ್ತೆ ಅಂತ ಅವನಿಗಾಗಿ ಹುಡುಕುತ್ತಾ ಹೋದೆ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಬಂದಿದ್ದು 2005ರಲ್ಲಿ, ಜಾರಿಯಾಗಿದ್ದು 2006ರ ಅಕ್ಟೋಬರ್‌ನಲ್ಲಿ. ಅದರ 2(ಎ) ಕಲಮಿನ ಪ್ರಕಾರ ‘ಬಾಧಿತ ವ್ಯಕ್ತಿ’ ಅಂದರೆ ಮಹಿಳೆ ಮಾತ್ರ. ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ. ಅಲ್ಲೂ ಗಂಡ ಮತ್ತು ಅವನ ಸಂಬಂಧಿಕರಷ್ಟೇ ಆರೋಪಿಗಳಾಗಬಹುದು.

ಈ ಗೆರೆ ದಾಟುವ ಪ್ರಯತ್ನ ನಮ್ಮ ರಾಜ್ಯದಲ್ಲೇ ಒಮ್ಮೆ ಆಗಿತ್ತು. ಕೌಟುಂಬಿಕ ಹಿಂಸೆ ಕಾಯ್ದೆಯ 2(ಕ್ಯೂ) ಕಲಂ ಪ್ರಕಾರ ‘ವಯಸ್ಕ ಪುರುಷ’ನ ಮೇಲೆ ಮಾತ್ರ ದೂರು ಕೊಡಬಹುದಿತ್ತು. 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಪದಗಳನ್ನು ತೆಗೆದುಹಾಕಿತು. ಅಂದರೆ ಅತ್ತೆ, ನಾದಿನಿಯರ ಮೇಲೂ ದೂರು ಕೊಡಬಹುದು ಅಂತಾಯಿತು. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಂಡನೊಬ್ಬನ ಅರ್ಜಿ ಕರ್ನಾಟಕ ಹೈಕೋರ್ಟಿಗೆ ಬಂತು. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಆ ತೀರ್ಪನ್ನೇ ಆಧಾರವಾಗಿ ಹಿಡಿದು, ಗಂಡಸೂ ಈ ಕಾಯ್ದೆಯಡಿ ದೂರು ಕೊಡಬಹುದು ಅಂದರು. ದೇಶದ ತುಂಬ ಸುದ್ದಿಯಾಯಿತು. ಅದೇ ತಿಂಗಳ ಕೊನೆಯಲ್ಲಿ ಅವರೇ ಆ ಆದೇಶವನ್ನು ವಾಪಸ್ ತಗೊಂಡರು. ಸುಪ್ರೀಂ ಕೋರ್ಟ್ ಬದಲಿಸಿದ್ದು ಯಾರ ಮೇಲೆ ದೂರು ಕೊಡಬಹುದು ಅನ್ನುವುದನ್ನು. ಯಾರು ಕೊಡಬಹುದು ಅನ್ನುವುದು ಹಾಗೇ ಉಳಿದಿತ್ತು. ಕಾನೂನಿನ ಪ್ರಕಾರ ವಾಪಸ್ ತಗೊಂಡದ್ದು ಸರಿಯೇ. ಆದರೆ ಆ ಕೆಲವು ದಿನ ತೆರೆದಿದ್ದ ಬಾಗಿಲು ಮುಚ್ಚಿದ್ದು ಬಹಳ ಜನಕ್ಕೆ ಗೊತ್ತೇ ಆಗಿಲ್ಲ. ‘ಹೈಕೋರ್ಟ್ ಹೇಳಿದೆಯಲ್ಲ’ ಅಂತ ಈಗಲೂ ಹಳೆಯ ಸುದ್ದಿ ಫಾರ್ವರ್ಡ್ ಮಾಡುವವರಿದ್ದಾರೆ.

ಹಂಗಂತ ಗಂಡಸಿಗೆ ಕಾನೂನೇ ಇಲ್ಲ ಅಂತಲ್ಲ. ಇಲ್ಲೇ ನಮ್ಮ ಗೆಳೆಯನಿಗೆ ಮೋಸ ಆಗಿದ್ದು. ಬರೀ ಕೈಯಲ್ಲಿ ಹೊಡೆದರೆ ನ್ಯಾಯ ಸಂಹಿತೆಯ 115(2) ಅನ್ವಯಿಸುತ್ತೆ. ಅದು ಪೊಲೀಸರು ತಾವಾಗಿ ತನಿಖೆ ಮಾಡುವಂಥ ಅಪರಾಧ ಅಲ್ಲ. ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಠಾಣೆಯಲ್ಲಿ ಎನ್‌ಸಿ ಬರೆದು ಕೈತೊಳೆದುಕೊಳ್ಳುವುದಕ್ಕೆ ಅರ್ಧ ಕಾರಣ ಇದು. ಆದರೆ ಕಾಯಿಸಿದ ವಸ್ತುವಿನಿಂದ ಸುಟ್ಟರೆ 118(1), ಮೂರು ವರ್ಷದವರೆಗೆ ಶಿಕ್ಷೆ. ಇದು ನೇರವಾಗಿ ಎಫ್‌ಐಆರ್ ಆಗಬೇಕಾದ ಅಪರಾಧ. ಸುಟ್ಟವರು ಗಂಡಸೋ ಹೆಂಗಸೋ ಅಂತ ಆ ಕಲಂ ಕೇಳುವುದಿಲ್ಲ. ಠಾಣೆಯವರು ದೂರು ತಗೊಳ್ಳದಿದ್ದರೆ ಎಸ್‌ಪಿಗೆ ಲಿಖಿತವಾಗಿ ಕಳಿಸಬಹುದು, ನಾಗರಿಕ ಸುರಕ್ಷಾ ಸಂಹಿತೆಯ 173(4)ರಲ್ಲಿ ಅದಕ್ಕೆ ದಾರಿ ಇದೆ. ಆಸ್ಪತ್ರೆಯಲ್ಲಿ ನಿಜ ಹೇಳಿ ಎಂಎಲ್‌ಸಿ ಮಾಡಿಸಿದ್ದರೆ ಅವನ ಕೈಯಲ್ಲಿ ಸಾಕ್ಷ್ಯ ಇರುತ್ತಿತ್ತು. ವಿಚ್ಛೇದನಕ್ಕೂ ಕ್ರೌರ್ಯ ಇಬ್ಬರಿಗೂ ಸಮಾನ ಆಧಾರ. ಕ್ರೌರ್ಯ ಅಂದರೇನು ಅಂತ ಸುಪ್ರೀಂ ಕೋರ್ಟ್ ವಿವರಿಸಿದ 1975ರ ದಾಸ್ತಾನೆ ಪ್ರಕರಣದಲ್ಲಿ ಕೋರ್ಟಿಗೆ ಹೋದವನು ಗಂಡನೇ.

ಹಾಗಾದರೆ ಇಲ್ಲದಿರುವುದು ಏನು? ತುರ್ತು ರಕ್ಷಣೆ. 2005ರ ಕಾಯ್ದೆಯ ಬಲ ಇರುವುದು ಶಿಕ್ಷೆಗಿಂತ ಹೆಚ್ಚಾಗಿ ಅದು ಕೊಡುವ ಆದೇಶಗಳಲ್ಲಿ: ಇನ್ನು ಮೇಲೆ ಹತ್ತಿರ ಬರಬೇಡ, ಮನೆಯಿಂದ ಹೊರಹಾಕಬೇಡ, ಮಗು ಸದ್ಯಕ್ಕೆ ಇವಳ ಬಳಿ ಇರಲಿ ಅನ್ನುವಂಥವು. ಜೊತೆಗೆ ರಕ್ಷಣಾಧಿಕಾರಿ, ಸಖಿ ಕೇಂದ್ರ, 181 ಸಹಾಯವಾಣಿ. ಗಂಡಸಿಗೆ ಇದ್ಯಾವುದೂ ಇಲ್ಲ. ಹೆಂಡತಿಯಿಂದ ಅಂತಲ್ಲ, ಅಣ್ಣನಿಂದ ಪೆಟ್ಟು ತಿನ್ನುವ ತಮ್ಮನಿಗೂ ಇಲ್ಲ. ‘ಸರಿ ಮಾಡ್ತೀವಿ’ ಅಂತ ಮನೆಯವರೇ ಹೊಡೆಯುವ ಸಲಿಂಗಿ ಹುಡುಗನಿಗೂ ಇಲ್ಲ. 17ರ ಹುಡುಗನ ಮೇಲೆ ಲೈಂಗಿಕ ದೌರ್ಜನ್ಯ ಆದರೆ ಪೋಕ್ಸೋ ಇದೆ. 18 ತುಂಬಿದ ಮೇಲೆ, 377 ಇಲ್ಲದ ಹೊಸ ಸಂಹಿತೆಯಲ್ಲಿ, ಅವನಿಗೆ ಅತ್ಯಾಚಾರದ ಕಲಮೇ ಇಲ್ಲ.

ಈಗ ಅಂಕಿಅಂಶದ ವಿಷಯ. ಇಲ್ಲಿ ಜಗಳ ಜಾಸ್ತಿ. 2024ರ ಡಿಸೆಂಬರ್ 9ರಂದು ಬೆಂಗಳೂರಿನಲ್ಲಿ ಅತುಲ್ ಸುಭಾಷ್ ಸಾವಿನ ನಂತರ ಎಲ್ಲರ ಫೋನಿಗೂ ಒಂದು ಸಂಖ್ಯೆ ಬಂತು: 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿವಾಹಿತ ಗಂಡಸರು 81,063, ಹೆಂಗಸರು 28,680. ಎನ್‌ಸಿಆರ್‌ಬಿ ಲೆಕ್ಕ, ಸಂಖ್ಯೆ ನಿಜ. ಆದರೆ ‘ಇವರೆಲ್ಲ ಹೆಂಡತಿಯರ ಕಾಟಕ್ಕೆ ಸತ್ತವರು’ ಅಂತ ಎನ್‌ಸಿಆರ್‌ಬಿ ಎಲ್ಲೂ ಹೇಳಿಲ್ಲ. ಸಾಲ, ಕಾಯಿಲೆ, ಕುಡಿತ, ಕೆಲಸ ಹೋಗಿದ್ದು ಎಲ್ಲ ಅದರೊಳಗಿದೆ. ಪುರುಷ ಆಯೋಗ ಬೇಕು ಅಂತ ಇದೇ ಸಂಖ್ಯೆ ಹಿಡಿದು ಹೋದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2023ರ ಜುಲೈನಲ್ಲಿ ಪುರಸ್ಕರಿಸಲಿಲ್ಲ.

ಇನ್ನೊಂದು ಕಡೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸುತ್ತಿನಲ್ಲಿ ಇದು 20.6 ಇತ್ತು. ಇದನ್ನು ಓದಿಯೂ 498ಎ ತೆಗೆದುಹಾಕಿ ಅನ್ನುವವರ ಜೊತೆ ನನಗೆ ಮಾತಿಲ್ಲ. ಆದರೆ ಅದೇ ಸಮೀಕ್ಷೆ ‘ನಿನ್ನನ್ನು ಯಾರಾದರೂ ಹೊಡೆದರಾ’ ಅಂತ ಗಂಡಸರನ್ನು ಕೇಳುವುದೇ ಇಲ್ಲ. ಹೆಂಡತಿಗೆ ಹೊಡೆಯುವುದು ಸರಿಯಾ ಅಂತ ಕೇಳುತ್ತೆ, ಅಷ್ಟೇ. ಕೇಳದಿದ್ದರೆ ಲೆಕ್ಕ ಎಲ್ಲಿಂದ ಬರಬೇಕು? ಆ ಖಾಲಿ ಜಾಗದಲ್ಲಿ ಒಬ್ಬರು ‘ಕೋಟ್ಯಂತರ’ ಅಂತಾರೆ, ಇನ್ನೊಬ್ಬರು ‘ಇಲ್ಲವೇ ಇಲ್ಲ’ ಅಂತಾರೆ.

ಕೇಳುವುದರಿಂದ ಏನಾಗುತ್ತೆ ಅನ್ನುವುದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣ ಹೇಳ್ತೀನಿ. 2017ರಲ್ಲಿ ಬೆಡ್‌ಫರ್ಡ್ ಬಳಿ ಅಕ್ಕಪಕ್ಕದವರು ಗಲಾಟೆ ಕೇಳಿ ಫೋನ್ ಮಾಡಿದ ಮೇಲೆ ಪೊಲೀಸರು ಒಂದು ಮನೆಗೆ ಹೋದರು. ಒಳಗಿದ್ದ ಯುವಕ ಏನೂ ಆಗಿಲ್ಲ ಅಂದ. ಗಾಯ ನೋಡಿದ ಅಧಿಕಾರಿ ಬಿಡದೆ ಕೇಳಿದ. ಕೊನೆಗೆ ಸತ್ಯ ಹೊರಬಂತು: ಗೆಳತಿ ಅವನಿಗೆ ಕುದಿಯುವ ನೀರು ಎರಚಿದ್ದಳು, ಚಾಕು ಹಾಕಿದ್ದಳು, ಊಟ ಕೊಡದೆ ಕೂಡಿಟ್ಟಿದ್ದಳು. ಗಂಡು-ಹೆಣ್ಣು ಅಂತ ಭೇದ ಮಾಡದ ಅಲ್ಲಿನ 2015ರ ಕಾನೂನಿನಡಿಯ ಅಪರಾಧ, ಗಾಯ ಮಾಡಿದ ಅಪರಾಧ ಎಲ್ಲ ಸೇರಿ 2018ರಲ್ಲಿ ಅವಳಿಗೆ ಏಳೂವರೆ ವರ್ಷ ಜೈಲಾಯಿತು. ಅದೇ ಕಾನೂನು ಹೆಂಗಸರ ರಕ್ಷಣೆಗೂ ಇದೆ. ಒಬ್ಬರಿಗೆ ಕೊಟ್ಟದ್ದಕ್ಕೆ ಇನ್ನೊಬ್ಬರದು ಕಿತ್ತುಕೊಳ್ಳಬೇಕಾಗಿ ಬರಲಿಲ್ಲ.

ನಮ್ಮಲ್ಲಿ 2005ರ ಕಾಯ್ದೆಯನ್ನು ಮುಟ್ಟದೆಯೇ ಇಂಥದ್ದೊಂದನ್ನು ಪ್ರತ್ಯೇಕವಾಗಿ ತರಬಹುದು ಅನ್ನೋದು ನನ್ನ ಅಭಿಪ್ರಾಯ. ಅದಕ್ಕೂ ಮುಂಚೆ ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಸೇರಿಸಬಹುದು, ಠಾಣೆಯಲ್ಲಿ ನಗದೆ ದೂರು ಬರ್ಕೊಬಹುದು. ಇವಕ್ಕೆ ಸಂಸತ್ತೇನೂ ಬೇಕಿಲ್ಲ. ‘ಗಂಡಸಾಗಿ ಹೆಂಗಸಿನ ಕೈಲಿ ಏಟು ತಿಂತೀಯಾ’ ಅನ್ನುವ ಮಾತಿನೊಳಗೇ ಗಂಡಸು ಏಟು ಕೊಡೋನು, ಹೆಂಗಸು ತಿನ್ನೋಳು ಅನ್ನುವ ನಂಬಿಕೆ ಕೂತಿದೆ. ಹೆಂಗಸರನ್ನು ತುಳಿಯುವುದೂ ಇದೇ ನಂಬಿಕೆ.

ಗೆಳೆಯನ ದೊಡ್ಡ ಭಯ ಬೇರೆ. ತಾನು ದೂರು ಕೊಟ್ಟರೆ ಎದುರು ದೂರು ಬೀಳುತ್ತೆ, ವಯಸ್ಸಾದ ತಾಯಿಯನ್ನು ಎಳ್ಕೊಂಡು ಹೋಗ್ತಾರೆ ಅಂತ. ಇಂಥ ಪ್ರಕರಣಗಳಲ್ಲಿ ದೂರು ಬಂದ ಕೂಡಲೇ ಬಂಧಿಸುವಂತಿಲ್ಲ, ಮೊದಲು ನೋಟಿಸ್ ಕೊಟ್ಟು ವಿಚಾರಿಸಬೇಕು ಅಂತ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದನ್ನು ಹೇಳಿದೆ. ಅರ್ಧ ನಂಬಿದ. ರಾತ್ರಿ ನಿದ್ದೆ ಬರ್ತಿಲ್ಲ, ಏನೇನೋ ಯೋಚನೆ ಬರುತ್ತೆ ಅಂದಾಗ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಗಂಡಸಾ ಹೆಂಗಸಾ ಅಂತ ಭೇದ ಇಲ್ಲ. ಎರಡು ಸಲ ಮಾತಾಡಿದ್ದಾನೆ.

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗೋಣ ಅಂದಿದ್ದೀನಿ. ಹೆಂಗಸರಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರು ಸಿಗ್ತಾರೆ, ಇವನು ಆದಾಯ ಪ್ರಮಾಣಪತ್ರ ತೋರಿಸಬೇಕು. ಅದಕ್ಕೆ ಅರ್ಜಿ ಹಾಕಿದ್ದಾನೆ. ಮಗಳ ಪರೀಕ್ಷೆ ಮುಗೀಲಿ, ಆಮೇಲೆ ಹೋಗೋಣ ಅಂದಿದ್ದಾನೆ.