ಪೀಪಾಯಿಗಿಂತ ಅಗ್ಗವಾದ ಎಣ್ಣೆ

ಸರಕನ್ನು ಕೊಂಡವನು ಮಾರಿದವನಿಗೆ ಹಣ ಕೊಡುವುದು ಲೋಕರೂಢಿ. ಮಾರುವವನೇ ಸರಕಿನೊಡನೆ ಹಣವನ್ನೂ ಕೊಟ್ಟು, ‘ದಯಮಾಡಿ ಇದನ್ನು ಒಯ್ಯಿರಿ’ ಎಂದು ಕೈಮುಗಿಯುವ ದಿನ ಬಂದೀತೆ? ಬಂದಿತು. 2020ನೆಯ ಇಸವಿ ಏಪ್ರಿಲ್ 20ರಂದು ನ್ಯೂಯಾರ್ಕಿನ ಪೇಟೆಯಲ್ಲಿ, ಮೇ ತಿಂಗಳಿನಲ್ಲಿ ಒಪ್ಪಿಸಬೇಕಾಗಿದ್ದ ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಯೊಂದಕ್ಕೆ ಸೊನ್ನೆಗಿಂತಲೂ 37 ಡಾಲರ್ 63 ಸೆಂಟ್ ಕೆಳಗಿಳಿಯಿತು. ಇದೇ ಎಣ್ಣೆ 2008ರ ಜುಲೈನಲ್ಲಿ 147 ಡಾಲರನ್ನು ಮುಟ್ಟಿತ್ತು!

ಅಕ್ಕಿ ಗೋಧಿಗಳ ಬೆಲೆಯೂ ಏರುತ್ತದೆ, ಇಳಿಯುತ್ತದೆ. ಆದರೆ ಇಷ್ಟೊಂದು ಕುಣಿದಾಟ ಎಣ್ಣೆಗೇ ಏಕೆ? ಇದನ್ನರಿಯಲು ಎಣ್ಣೆಯ ವ್ಯಾಪಾರವು ಹುಟ್ಟಿದ ಊರಿಗೇ ಹೋಗಬೇಕು.

ಮೊದಲ ಬಾವಿ, ಮೊದಲ ಕುಸಿತ

ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಟೈಟಸ್‌ವಿಲ್ ಎಂಬ ಹಳ್ಳಿಯ ಬಳಿ, 1859ರ ಆಗಸ್ಟ್ 27ರಂದು ಎಡ್ವಿನ್ ಡ್ರೇಕ್ ಎಂಬಾತನು ಕೊರೆಯಿಸುತ್ತಿದ್ದ ಬಾವಿ ಸುಮಾರು 69 ಅಡಿಯ ಆಳದಲ್ಲಿ ಎಣ್ಣೆಯನ್ನು ಮುಟ್ಟಿತು. ದೀಪಕ್ಕೆ ಎಣ್ಣೆ ಬೇಕೆಂದು ಜನ ಕಾದಿದ್ದ ಕಾಲವದು. 1860ರ ಆರಂಭದಲ್ಲಿ ಪೀಪಾಯಿಯ ಬೆಲೆ ಇಪ್ಪತ್ತು ಡಾಲರಿನ ಹತ್ತಿರವಿದ್ದಿತು. ಸುದ್ದಿ ಹಬ್ಬಿ, ಅದೃಷ್ಟಪರೀಕ್ಷೆಗೆಂದು ಬಂದವರು ತೊರೆಯ ದಡದುದ್ದಕ್ಕೂ ಬಾವಿ ಕೊರೆದರು. 1861ರಲ್ಲಿ ಕೆಲವು ಬಾವಿಗಳಿಂದ ಎಣ್ಣೆ ತಾನೇ ತಾನಾಗಿ ಚಿಮ್ಮಿ, ದಿನಕ್ಕೆ ಸಾವಿರಾರು ಪೀಪಾಯಿ ಹರಿಯತೊಡಗಿತು. ಆ ವರ್ಷದ ಕೊನೆಗೆ ಬೆಲೆ ಕೇವಲ ಹತ್ತು ಸೆಂಟಿಗೆ ಬಂದುನಿಂತಿತು. ಎಣ್ಣೆಗಿಂತ ಅದನ್ನು ತುಂಬುವ ಮರದ ಪೀಪಾಯಿಯೇ ದುಬಾರಿಯಾಯಿತು. ಎಷ್ಟೋ ಮಂದಿ ದಿವಾಳಿಯೆದ್ದರು. ಆದರೆ ಅಗ್ಗದ ಎಣ್ಣೆ ಮನೆಮನೆಯ ದೀಪವನ್ನು ಸೇರಿತು, ಗಿರಾಕಿಗಳು ಹೆಚ್ಚಿದರು, 1863ರಲ್ಲಿ ಬೆಲೆ ಮತ್ತೆ ಏಳು ಡಾಲರನ್ನು ದಾಟಿತು. ಮುಂದಿನ ನೂರರವತ್ತು ವರ್ಷಗಳ ಕಥೆಯೆಲ್ಲವೂ ಈ ನಾಲ್ಕು ವರ್ಷಗಳಲ್ಲಿ ಅಡಗಿದೆಯೆನ್ನಬಹುದು.

ಎರಡು ಕಡೆಯ ಹಟ

ಎಣ್ಣೆಯ ಬೇಡಿಕೆಗೂ ಹಟವುಂಟು, ಪೂರೈಕೆಗೂ ಹಟವುಂಟು. ಬೆಲೆ ಎರಡು ಪಟ್ಟಾಯಿತೆಂದು ಲಾರಿಯ ಮಾಲೀಕನು ನಾಳೆಯೇ ಲಾರಿಯನ್ನು ನಿಲ್ಲಿಸಲಾರ; ಕಾರ್ಖಾನೆಯವನು ಯಂತ್ರವನ್ನು ಬದಲಿಸಲಾರ. ಅತ್ತ ಬಾವಿಯ ಒಡೆಯನಿಗೂ ಅದೇ ಪಾಡು. ಕೊರೆಯುವುದರಲ್ಲಿಯೇ ಬಂಡವಾಳವೆಲ್ಲ ಮುಗಿದಿರುತ್ತದೆ; ಮೇಲೆತ್ತುವ ಖರ್ಚು ಅಲ್ಪ. ಆದುದರಿಂದ ಬೆಲೆ ಬಿದ್ದರೂ ಆತನು ಎತ್ತುತ್ತಲೇ ಇರುತ್ತಾನೆ. ಬೆಲೆ ಏರಿದೊಡನೆ ಹೊಸ ಎಣ್ಣೆಯೂ ಬಾರದು. ಕಡಲಿನಡಿಯ ನಿಕ್ಷೇಪವನ್ನು ಹುಡುಕಿ ಹೊರತೆಗೆಯಲು ಐದು ಹತ್ತು ವರ್ಷಗಳು ಬೇಕು. ಹೀಗಾಗಿ ತುಸು ಕೊರತೆಯೂ ಬೆಲೆಯನ್ನು ಆಕಾಶಕ್ಕೇರಿಸುತ್ತದೆ. ತುಸು ಹೆಚ್ಚಳವೂ ಪಾತಾಳಕ್ಕಿಳಿಸುತ್ತದೆ. ದುಬಾರಿಯ ಕಾಲದಲ್ಲಿ ತೋಡಲಾರಂಭಿಸಿದ ಬಾವಿಗಳು, ದುಬಾರಿಯು ಕಳೆದ ಮೇಲೆ ತುಂಬಿ ಹರಿಯುವುದುಂಟು.

ಕುದುರೆಯೇರಿ ಬಂದ ಸೈನಿಕರು

ಈ ಹಟಕ್ಕೆ ಲೋಕದ ಹಿಂಜರಿತವೂ ಸೇರಿದರೆ ಏನಾಗುವುದೆಂಬುದನ್ನು ಟೆಕ್ಸಸ್ ಕಂಡಿತು. 1930ರ ಅಕ್ಟೋಬರಿನಲ್ಲಿ, ಎಪ್ಪತ್ತು ವರ್ಷದ ಕೊಲಂಬಸ್ ಜಾಯ್ನರ್ ಪೂರ್ವ ಟೆಕ್ಸಸಿನ ಹೊಲವೊಂದರಲ್ಲಿ ಎಣ್ಣೆಯನ್ನು ಕಂಡನು. ಅಡಿಯಲ್ಲಿದ್ದುದು ನಲವತ್ತೈದು ಮೈಲಿ ಉದ್ದದ ಮಹಾನಿಧಿ. ಆದರೆ ಅದೇ ವೇಳೆಗೆ ಮಹಾ ಆರ್ಥಿಕ ಕುಸಿತದಿಂದ ಗಿರಾಣಿಗಳು ಮುಚ್ಚಿ, ಬೇಡಿಕೆ ಕುಗ್ಗಿದ್ದಿತು. ನೆಲದಡಿಯ ಎಣ್ಣೆಗೆ ಬೇಲಿಯಿಲ್ಲ. ಮೊದಲು ಎತ್ತಿದವನದೇ ಎಣ್ಣೆ ಎಂಬುದು ಅಲ್ಲಿನ ಕಾನೂನು. ತಾನು ಸುಮ್ಮನಿದ್ದರೆ ನೆರೆಯವನು ತನ್ನ ಪಾಲನ್ನೂ ಹೀರಿಬಿಡುವನೆಂಬ ಭಯದಿಂದ ಪ್ರತಿಯೊಬ್ಬನೂ ಎತ್ತಿದನು. ಒಂದು ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 1931ರ ಬೇಸಗೆಯಲ್ಲಿ 15 ಸೆಂಟಿಗೂ ಕೆಳಗಿಳಿಯಿತು.

ಆಗಸ್ಟ್ 17ರಂದು ಗವರ್ನರ್ ರಾಸ್ ಸ್ಟರ್ಲಿಂಗ್ ಸೈನಿಕ ಶಾಸನವನ್ನು ಸಾರಿ ಕುದುರೆ ಸವಾರರನ್ನು ಕಳುಹಿಸಿ ಬಾವಿಗಳನ್ನು ಮುಚ್ಚಿಸಿದನು. ಮುಂದೆ ಯಾವ ಬಾವಿಯಿಂದ ಎಷ್ಟು ಎತ್ತಬೇಕೆಂದು ಗೊತ್ತುಮಾಡುವ ಕೆಲಸವು ಟೆಕ್ಸಸ್ ರೈಲ್‌ರೋಡ್ ಕಮಿಷನ್ನಿನದಾಯಿತು. ರೈಲ್ವೆಗಾಗಿ ಹುಟ್ಟಿದ ಈ ಮಂಡಳಿ ಹಲವು ದಶಕಗಳ ಕಾಲ ಜಗತ್ತಿನ ಎಣ್ಣೆಯ ಬೆಲೆಗೆ ಲಗಾಮು ಹಿಡಿದುದು ಚರಿತ್ರೆಯ ವಿನೋದಗಳಲ್ಲೊಂದು.

ಲಗಾಮು ಕೈಬದಲಾಯಿತು

ವೆನೆಜುವೆಲಾದ ಮಂತ್ರಿ ಪೆರೆಸ್ ಅಲ್ಫೊನ್ಸೊ ಈ ಕಮಿಷನ್ನಿನ ಕ್ರಮವನ್ನು ಅಭ್ಯಾಸಮಾಡಿದ್ದನು. 1960ರ ಸೆಪ್ಟೆಂಬರಿನಲ್ಲಿ ಬಾಗ್ದಾದಿನಲ್ಲಿ ಐದು ರಾಷ್ಟ್ರಗಳು ಸೇರಿ ‘ಒಪೆಕ್’ ಸಂಘವನ್ನು ಕಟ್ಟಿದಾಗ ಆತನೂ ಅದರ ಶಿಲ್ಪಿಗಳಲ್ಲಿ ಒಬ್ಬ. 1972ರ ಹೊತ್ತಿಗೆ ಟೆಕ್ಸಸಿನಲ್ಲಿ ಮಿಗತೆಯ ಎಣ್ಣೆ ಉಳಿಯಲಿಲ್ಲ. ಲಗಾಮು ಕೊಲ್ಲಿಯ ಕಡೆಗೆ ಸರಿಯಿತು. 1973ರ ಅರಬ್–ಇಸ್ರೇಲ್ ಯುದ್ಧದ ಬೆನ್ನಿಗೆ ಮೂರು ಡಾಲರಿನ ಎಣ್ಣೆ ಕೆಲವೇ ತಿಂಗಳಲ್ಲಿ ಹನ್ನೊಂದನ್ನು ಮೀರಿತು. ಇರಾನಿನ ಕ್ರಾಂತಿಯ ಅನಂತರ ಮೂವತ್ತನ್ನು ದಾಟಿತು.

ಆದರೆ ದುಬಾರಿಯೇ ದುಬಾರಿಗೆ ಮದ್ದಾಯಿತು. ಜನ ಕಡಿಮೆ ಎಣ್ಣೆ ಕುಡಿಯುವ ಕಾರುಗಳನ್ನು ಕೊಂಡರು. ವಿದ್ಯುಚ್ಛಕ್ತಿಗೆ ಕಲ್ಲಿದ್ದಲನ್ನೂ ಪರಮಾಣುವನ್ನೂ ಬಳಸಿದರು. ಅಲಾಸ್ಕಾ, ಉತ್ತರ ಸಮುದ್ರಗಳಿಂದ ಹೊಸ ಎಣ್ಣೆ ಬಂದಿತು. ಬೆಲೆಯನ್ನುಳಿಸಲು ಸೌದಿ ಅರೇಬಿಯಾ ತನ್ನ ಉತ್ಪಾದನೆಯನ್ನು ದಿನಕ್ಕೆ ಒಂದು ಕೋಟಿ ಪೀಪಾಯಿಯಿಂದ 1985ರಲ್ಲಿ ಸುಮಾರು ಇಪ್ಪತ್ತು ಲಕ್ಷಕ್ಕೆ ಇಳಿಸಿ, ಕೊನೆಗೆ ಬೇಸತ್ತು ಲಗಾಮನ್ನು ಬಿಟ್ಟಿತು. 1986ರಲ್ಲಿ ಬೆಲೆ ಹತ್ತು ಡಾಲರಿನವರೆಗೆ ಕುಸಿಯಿತು. ಕೊಂಡವರು ನಕ್ಕರು, ಟೆಕ್ಸಸಿನಲ್ಲಿ ಬ್ಯಾಂಕುಗಳು ಮುಳುಗಿದುವು.

ನಮ್ಮ ಬಾಗಿಲಿಗೆ

ಈ ಉಯ್ಯಾಲೆಯ ಪೆಟ್ಟು ಭಾರತಕ್ಕೂ ತಾಗಿದೆ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ದಂಡೆತ್ತಿಹೋದಾಗ ಬೆಲೆ ಎರಡು ತಿಂಗಳಲ್ಲಿ ಇಮ್ಮಡಿಯಾಯಿತು. ಮೊದಲೇ ಸೊರಗಿದ್ದ ನಮ್ಮ ವಿದೇಶೀ ವಿನಿಮಯ ಬರಿದಾಗಿ, 1991ರಲ್ಲಿ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಒತ್ತೆಯಿಡಬೇಕಾಯಿತು. ಬೇಕಾದ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವ ದೇಶಕ್ಕೆ ಇದು ಮರೆಯಬಾರದ ಪಾಠ.

2020ರಲ್ಲಾದುದೂ ಹಳೆಯ ಕಥೆಯೇ. ಮಹಾಮಾರಿಗೆ ಹೆದರಿ ಲೋಕ ಮನೆಯೊಳಗೆ ಕುಳಿತಾಗ ಬೇಡಿಕೆ ಸುಮಾರು ಐದರಲ್ಲೊಂದು ಪಾಲು ಕುಗ್ಗಿತು. ಬಾವಿಗಳು ಅಷ್ಟು ಬೇಗ ನಿಲ್ಲಲಿಲ್ಲ. ಓಕ್ಲಹೋಮಾದ ಕುಶಿಂಗ್ ಊರಿನ ತೊಟ್ಟಿಗಳಲ್ಲಿ ಜಾಗವೇ ಸಿಗದಾಯಿತು. ಆಗ ಬೆಲೆಯುಳ್ಳದ್ದು ಎಣ್ಣೆಯಲ್ಲ, ಅದನ್ನು ತುಂಬುವ ಪಾತ್ರೆ, 1861ರ ಪೀಪಾಯಿಯಂತೆಯೇ!

ಆ ಅಗ್ಗದ ದಿನಗಳಲ್ಲಿ ಪಾತ್ರೆಯಿದ್ದವರು ಗೆದ್ದರು. ಮಂಗಳೂರಿನಲ್ಲಿಯೂ ಉಡುಪಿಯ ಬಳಿಯ ಪಾದೂರಿನಲ್ಲಿಯೂ ಕಲ್ಲನ್ನು ಕೊರೆದು ನೆಲದಡಿಯಲ್ಲಿ ನಿರ್ಮಿಸಿದ ಗುಹೆಗಳಿವೆ; ಎರಡೂ ಸೇರಿ ನಲವತ್ತು ಲಕ್ಷ ಟನ್ ಎಣ್ಣೆ ಹಿಡಿಯುತ್ತವೆ. ವಿಶಾಖಪಟ್ಟಣದ ಗುಹೆಯೊಡನೆ ಇವನ್ನೂ ಭಾರತವು 2020ರ ಏಪ್ರಿಲ್ ಮೇ ತಿಂಗಳುಗಳಲ್ಲಿ ತುಂಬಿಸಿಕೊಂಡಿತು. ದೇಶದ ಒಟ್ಟು ಬಳಕೆಯೆದುರು ಅದು ಕೆಲವೇ ದಿನಗಳ ಬುತ್ತಿ, ನಿಜ. ಆದರೆ ಸುಗ್ಗಿಯಲ್ಲಿ ಕಣಜ ತುಂಬಿಸಿಟ್ಟವನು ಬರಗಾಲದಲ್ಲಿ ಸಾಲಗಾರನ ಬಾಗಿಲಿಗೆ ಹೋಗಬೇಕಾಗಿಲ್ಲವೆಂಬುದನ್ನು ನಮ್ಮ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಎಣ್ಣೆಯ ವಿಷಯದಲ್ಲಿಯೂ ಅದೇ ವಿವೇಕ ಸಲ್ಲುತ್ತದೆ.